ಅಮೋಲೈಟ್ ಪದಕ: ಚಿಪ್ಪಿನ ಗುಣ ನೋಡಿ ಮಾಡುವ ಬೆಳ್ಳಿ ಕೆಲಸ

ಕ್ಯಾಲ್ಗರಿಯಲ್ಲಿ ನೆಲೆಸಿ ಬೆಳ್ಳಿ ಕೆಲಸವನ್ನು ಹವ್ಯಾಸವಾಗಿ ಕಲಿತ ನಾನು ಅಮೋಲೈಟ್ ಕಡೆಗೆ, ಅಂದರೆ ಅಮೋನೈಟ್ ಎಂಬ ಪ್ರಾಚೀನ ಸಮುದ್ರಜೀವಿಯ ಬಣ್ಣ ಬಣ್ಣವಾಗಿ ಹೊಳೆಯುವ ಪಳೆಯುಳಿಕೆ ಚಿಪ್ಪಿನ ಕಡೆಗೆ, ಹೊರಳಿದ್ದು ಸಹಜವೇ. ಆಭರಣಕ್ಕೆ ಒದಗುವ ದರ್ಜೆಯ ಅಮೋಲೈಟ್‌ನ ಬಹುಪಾಲು ಸಿಗುವುದು ಕೆನಡಾದ ಇದೇ ಆಲ್ಬರ್ಟಾ ಪ್ರಾಂತ್ಯದಲ್ಲಿ, ಲೆಥ್‌ಬ್ರಿಜ್ ಪಟ್ಟಣದ ಆಸುಪಾಸಿನ ಸೇಂಟ್ ಮೇರಿ ನದಿಯ ಕಣಿವೆಯಲ್ಲಿ. 1981ರಲ್ಲಿ ಇದಕ್ಕೆ ರತ್ನವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು; 2004ರಲ್ಲಿ ಆಲ್ಬರ್ಟಾ ಇದನ್ನು ತನ್ನ ಅಧಿಕೃತ ರತ್ನವನ್ನಾಗಿ ಸ್ವೀಕರಿಸಿತು. ರತ್ನಗಳ ಸಾಲಿಗೆ ಸೇರಿದರೂ ಗುಣದಲ್ಲಿ ಇದು ಚಿಪ್ಪೇ ಆಗಿರುವುದರಿಂದ, ಕಲ್ಲನ್ನು ಕಟ್ಟುವ ರೂಢಿಯ ಕ್ರಮಗಳನ್ನು ಒಂದೊಂದಾಗಿ ಬದಲಿಸಿಕೊಳ್ಳಬೇಕಾಗುತ್ತದೆ.

ಸುಮಾರು 7 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕವನ್ನು ಎರಡು ಭಾಗ ಮಾಡಿದ್ದ ಒಳನಾಡಿನ ಸಮುದ್ರದಲ್ಲಿ ಪ್ಲಾಸೆಂಟಿಸೆರಾಸ್ ಎಂಬ ಅಮೋನೈಟ್ ಬದುಕಿತ್ತು. ಸುರುಳಿ ಚಿಪ್ಪನ್ನು ಕಂಡು ಬಸವನಹುಳುವಿನ ಬಳಗವೆಂದು ಅನೇಕರು ಎಣಿಸುತ್ತಾರೆ. ವಾಸ್ತವವಾಗಿ ಅದರ ಹತ್ತಿರದ ನಂಟರು ಆಕ್ಟೋಪಸ್ ಮತ್ತು ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್. ಪ್ರಾಣಿಯ ವಾಸ ಸುರುಳಿಯ ಕಟ್ಟಕಡೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳಲ್ಲಿದ್ದ ಗಾಳಿ ಅದನ್ನು ನೀರಿನಲ್ಲಿ ತೇಲಲು ಬಿಡುತ್ತಿತ್ತು. ಸತ್ತ ಮೇಲೆ ಚಿಪ್ಪು ತಳದ ಕೆಸರಿನಲ್ಲಿ ಹೂತು, ಜ್ವಾಲಾಮುಖಿಯ ಬೂದಿ ಬೆರೆತ ಜೇಡಿಪದರಗಳು ಅದನ್ನು ನೀರಿನಿಂದ ಕಾಪಾಡಿದ್ದರಿಂದ, ಚಿಪ್ಪಿನ ಅರಗೊನೈಟ್ ಎಂಬ ಖನಿಜವು ಸಾಮಾನ್ಯವಾಗಿ ಆಗುವಂತೆ ಕ್ಯಾಲ್ಸೈಟ್ ಆಗಿ ಮಾರ್ಪಡದೆ ಉಳಿಯಿತು. ಅದರ ಅತಿ ತೆಳುವಾದ ಪದರಗಳ ನಡುವೆ ಬೆಳಕು ಒಡೆದು ಬಣ್ಣ ಹುಟ್ಟುತ್ತದೆ: ಪದರ ದಪ್ಪವಿದ್ದಲ್ಲಿ ಕೆಂಪು, ಹಸಿರು, ತೆಳುವಿದ್ದಲ್ಲಿ ಅಪರೂಪದ ನೀಲಿ, ನೇರಳೆ.

ಇಲ್ಲಿನ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರಿಗೆ ಇಂಥ ಪಳೆಯುಳಿಕೆಗಳು ಇನಿಸ್ಕಿಮ್ ಎಂಬ ಪವಿತ್ರ ಕಲ್ಲುಗಳು. ಉಡುಪಿ ಕಡೆಯ ಮನೆಗಳಲ್ಲಿ ಪೂಜೆಗೊಳ್ಳುವ ಗಂಡಕಿ ನದಿಯ ಸಾಲಿಗ್ರಾಮದ ಚಕ್ರವೂ ಅಮೋನೈಟ್‌ನದೇ, ಆದರೆ ಅದು ಇದಕ್ಕಿಂತ ಬಹಳ ಹಳೆಯದಾದ ಜುರಾಸಿಕ್ ಕಾಲದ್ದು.

ನನಗೆ ಸಿಗುವ ಕಚ್ಚಾ ತುಣುಕು ಬೂದು ಜೇಡಿಗಲ್ಲಿಗೆ ಅಂಟಿದ ಹಾಳೆಯಂತಿರುತ್ತದೆ. ಮಣ್ಣಿನ ಭಾರಕ್ಕೆ ನಲುಗಿ ಬಿರಿದಿರುವುದರಿಂದ ಮುಟ್ಟಿದಲ್ಲೆಲ್ಲ ಪದರ ಏಳುತ್ತದೆ. ಆದ್ದರಿಂದ ಮೊದಲು ತೆಳು ಎಪಾಕ್ಸಿಯನ್ನು ಬಿರುಕುಗಳಿಗೆ ಇಳಿಸಿ, ಪೂರ್ತಿ ಗಟ್ಟಿಯಾದ ಮೇಲಷ್ಟೇ ವಜ್ರದ ಪುಡಿ ಕೂರಿಸಿದ ಗರಗಸಕ್ಕೆ ಕೊಡುತ್ತೇನೆ. ಬಣ್ಣದ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಿಂದ ಮುಕ್ಕಾಲು ಮಿಲಿಮೀಟರ್ ಇರುತ್ತದೆ, ಅಷ್ಟೇ. ಹೀಗಾಗಿ ಸಾಣೆ ಹಿಡಿಯುವುದು ಹೆಚ್ಚಾಗಿ ಹಿಂಬದಿಯ ಕಲ್ಲಿಗೆ. ಮುಂಬದಿಗೆ ಒದ್ದೆ ನುಣುಪು ಕಾಗದದಿಂದ ನಾಲ್ಕು ಸುತ್ತು ತಿಕ್ಕಿ, ತಕ್ಷಣ ತೊಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಕೆಂಪಿನ ಅಂಚಿನಲ್ಲಿ ಹಸಿರು ಇಣುಕಲಾರಂಭಿಸಿದರೆ ಕೆಳಗಿನ ಪದರ ತೆರೆದುಕೊಳ್ಳುತ್ತಿದೆ ಎಂದು ತಿಳಿದು ಅಲ್ಲಿಗೇ ಕೈ ನಿಲ್ಲಿಸುತ್ತೇನೆ.

ಅಮೋಲೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ 4ರ ಆಸುಪಾಸು. ಮನೆಯ ಧೂಳಿನಲ್ಲಿರುವ ಮರಳಿನ ಕಣದ್ದು 7. ಈ ಕಾರಣಕ್ಕೆ ಮಾರುಕಟ್ಟೆಯಲ್ಲಿ ಹಿಂದೆ ಕಪ್ಪು ಆಸರೆ, ಮೇಲೆ ಸ್ಫಟಿಕ ಅಥವಾ ಕೃತಕ ಸ್ಪಿನೆಲ್‌ನ ಹೊದಿಕೆ ಕೊಟ್ಟ ಮೂರು ಪದರದ ಹರಳುಗಳೇ ಹೆಚ್ಚು. ಇವು ನಕಲಿಯಲ್ಲ, ಆದರೆ ಮಾರುವವರು ಈ ವಿಷಯವನ್ನು ಮುಚ್ಚಿಡಬಾರದು. ನಾನು ಪದಕ ಮತ್ತು ಓಲೆಗೆ ಹೊದಿಕೆಯಿಲ್ಲದ ತುಣುಕನ್ನೇ ಬಳಸುತ್ತೇನೆ, ಉಂಗುರಕ್ಕಂತೂ ಹೊದಿಕೆಯಿಲ್ಲದ್ದನ್ನು ಕಟ್ಟಿಕೊಡಲು ಒಪ್ಪುವುದಿಲ್ಲ.

ಬೆಸುಗೆಯ ಬೆಂಕಿಯನ್ನೂ ಬೆಳ್ಳಿಯ ಕಪ್ಪು ತೆಗೆಯುವ ಆಮ್ಲವನ್ನೂ ಚಿಪ್ಪು ತಾಳದು. ಹರಳು ಕೂರುವ ಗೂಡು, ಕೊಂಡಿ, ಮೆರುಗು ಎಲ್ಲವೂ ಮುಗಿದ ಮೇಲೆ, ಕಟ್ಟಕಡೆಗೆ ಅದನ್ನು ಕೂರಿಸುತ್ತೇನೆ. ಗೂಡಿನ ಗೋಡೆಗೆ ಮೆತ್ತನೆಯ ಅಪ್ಪಟ ಬೆಳ್ಳಿಯ ತಗಡನ್ನೇ ಆರಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತಿದರೆ ಅಂಚು ಚಿಟಿಕೆಯಷ್ಟೂ ಹಾರುವುದಿಲ್ಲ.

ಕಚ್ಚಾ ಮಾಲಿನ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಆಲ್ಬರ್ಟಾದಲ್ಲಿ ಪಳೆಯುಳಿಕೆಗಳು ಪ್ರಾಂತ್ಯದ ಸೊತ್ತು. ಸರ್ಕಾರದ ಪ್ರಮಾಣಪತ್ರವಿಲ್ಲದೆ ಅವನ್ನು ಕತ್ತರಿಸುವಂತಿಲ್ಲ, ಮಾರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಕಾಗದಪತ್ರವಿಲ್ಲದ ತುಣುಕು ಎಷ್ಟೇ ಅಗ್ಗವಾದರೂ ನಾನು ಕೊಳ್ಳುವುದಿಲ್ಲ.

ಊರಿನ ಬಂಧುಗಳಿಗೆ ಕೊಡುವಾಗ ಮರೆಯದೆ ಒಂದು ಮಾತು ಹೇಳುತ್ತೇನೆ: ಬೆಳ್ಳಿ ಕಪ್ಪಾಯಿತೆಂದು ಈ ಪದಕವನ್ನು ಹುಣಸೆಹಣ್ಣಿನಿಂದಲೋ ನಿಂಬೆರಸದಿಂದಲೋ ತಿಕ್ಕಬೇಡಿ, ಹುಳಿ ಚಿಪ್ಪನ್ನು ತಿನ್ನುತ್ತದೆ, ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೇರೆ ಒಡವೆಗಳಿಗೆ ಉಜ್ಜದಂತೆ ಪ್ರತ್ಯೇಕವಾಗಿ ಇಡಿ.