ವೇಷವಿಲ್ಲದೆ ನಗಿಸುವುದು: ಹಾಸ್ಯ ಆಪರೆಟಾವನ್ನು ಕಾನ್ಸರ್ಟಿಗೆ ಅಳವಡಿಸುವುದು ಹೇಗೆ?

ರಂಗದ ಮೇಲೆ ಹಾಸ್ಯ ಆಪರೆಟಾಕ್ಕೆ (ಹಾಡುಗಳಿಂದ ಕಟ್ಟಿದ ಲಘು ಸಂಗೀತನಾಟಕಕ್ಕೆ) ಆಸರೆಗೇನೂ ಕೊರತೆಯಿಲ್ಲ: ವೇಷಭೂಷಣ, ಪರದೆ, ಓಡಾಟ, ಹುಬ್ಬು ಕುಣಿಸುವ ನಟರು. ಕಾನ್ಸರ್ಟಿನಲ್ಲಿ ಅದೆಲ್ಲ ಮಾಯ. ಪುಸ್ತಕ ಹಿಡಿದು ಸಾಲಾಗಿ ನಿಂತ ಗಾಯಕರು, ಅವರ ಮುಂದೆ ಹನ್ನೆರಡು ಹದಿಮೂರು ಮಂದಿ ವಾದಕರು, ಅಷ್ಟೇ. ನಗಿಸುವ ಹೊಣೆಯೆಲ್ಲ ಸಾಹಿತ್ಯದ ಹೆಗಲಿಗೆ. ಹಾಗಾಗಿ ಯಾವುದನ್ನು ಕತ್ತರಿಸಲಿ, ಯಾವ ವಾದ್ಯಕ್ಕೆ ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುವಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕಡೆಯ ಸಾಲಿನವರಿಗೆ ಮಾತು ಕೇಳುತ್ತದೆಯೇ?

ಮೊದಲು ಕೃತಿಯ ಆಯ್ಕೆ. ಹೊಸಬರಿಗೆ ಸಾಹಿತ್ಯ ಬರೆದ ಗಿಲ್ಬರ್ಟ್ ಮತ್ತು ಸಂಗೀತ ಕಟ್ಟಿದ ಸಲಿವನ್ ಎಂಬ ಇಂಗ್ಲಿಷ್ ಜೋಡಿಯ ‘ಟ್ರಯಲ್ ಬೈ ಜ್ಯೂರಿ’ (1875) ಹೇಳಿ ಮಾಡಿಸಿದಂತಿದೆ. ಒಂದೇ ಅಂಕ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಆಡುಮಾತೇ ಇಲ್ಲ. ನಡೆಯುವುದು ನ್ಯಾಯಾಲಯದಲ್ಲಾದ್ದರಿಂದ ಜನ ಸಾಲಾಗಿ ಕೂತಿದ್ದರೂ ಅಸಹಜ ಎನಿಸುವುದಿಲ್ಲ. ಕೈ ಪಳಗಿದ ಮೇಲೆ ಹಡಗಿನ ಮೇಲೆ ನಡೆಯುವ, 1878ರ ‘ಎಚ್‌ಎಂಎಸ್ ಪಿನಾಫೋರ್’ ಎತ್ತಿಕೊಳ್ಳಿ. ಮುಂದಿನ ಉದಾಹರಣೆಗಳೆಲ್ಲ ಅದರವೇ. ಸಲಿವನ್ 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ ತೀರಿಕೊಂಡಿದ್ದರಿಂದ ಮೂಲಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಇತ್ತೀಚೆಗೆ ಸಂಪಾದನೆಯಾದ ಸ್ಕೋರುಗಳಿಗೆ (ಎಲ್ಲ ಕಂಠ, ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪ್ರತಿಗಳಿಗೆ) ಮಾತ್ರ ಪ್ರಕಾಶಕರ ಹಕ್ಕು ಇರಬಹುದು, ನೋಡಿಕೊಳ್ಳಿ.

ಈಗ ಕತ್ತರಿ. ಒಂದು ದೊಡ್ಡ ಹಾಳೆಯಲ್ಲಿ ಹಾಡುಗಳನ್ನೆಲ್ಲ ಬರೆದು, ಪ್ರತಿಯೊಂದರ ಪಕ್ಕ ಅವಧಿ, ಶ್ರುತಿ, ಹಾಡುವವರು ಯಾರು ಎಂದು ಗುರುತು ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಎಲ್ಲ ಹಾಡನ್ನೂ ಉಳಿಸಿಕೊಳ್ಳುವ ಆಸೆಗೆ ಪ್ರತಿಯೊಂದರಲ್ಲೂ ಒಂದೊಂದು ಚರಣ ಹಾರಿಸುತ್ತಾರೆ. ಪಿನಾಫೋರ್‌ನಲ್ಲಿ ನೌಕಾಪಡೆಯ ಮುಖ್ಯಸ್ಥ ಸರ್ ಜೋಸೆಫ್ ತನ್ನ ಬಡ್ತಿಯ ಕಥೆ ಹಾಡುತ್ತಾನೆ. ವಕೀಲರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹುಡುಗ, ಸಮುದ್ರಕ್ಕೇ ಇಳಿಯದೆ ಹಡಗುಪಡೆಯ ಒಡೆಯನಾದ ಕಥೆ ಅದು. ಆರು ಚರಣ, ಆರು ಮೆಟ್ಟಿಲು. ನಡುವೆ ಒಂದನ್ನು ಕಿತ್ತರೆ ಉಳಿಯುವುದು ಅರ್ಧ ನಿಮಿಷ, ಕಳೆಯುವುದು ಕೊನೆಯ ನಗು. ಅದಕ್ಕಿಂತ ಇಡೀ ಹಾಡೊಂದನ್ನೇ ಬಿಡುವುದು ಮೇಲು. ಪ್ರೇಮಿಗಳ ನಿಧಾನಗತಿಯ ಹಾಡುಗಳು ಎರಡಿದ್ದರೆ ಒಂದು ಸಾಕು. ಮೊದಲ ಅಂಕದ ಫಿನಾಲೆ, ಅಂದರೆ ಮುಕ್ತಾಯದ ಭಾಗ, ಉದ್ದ ನಿಜ, ಆದರೂ ಕೈ ಹಚ್ಚಬೇಡಿ. ಅದು ಒಂದೇ ಉಸಿರಿನಲ್ಲಿ ಕಟ್ಟಿದ ಸಂಗೀತ. ಹೊಲಿಗೆ ಎಲ್ಲಿ ಬಿದ್ದರೂ ಎದ್ದು ಕಾಣುತ್ತದೆ.

ಏಕವ್ಯಕ್ತಿ ಹಾಡಿನ ಹಿಂದೆಯೇ ಗಾಯಕವೃಂದ ಕೊನೆಯ ಸಾಲನ್ನು ಮರುಹಾಡುವುದಿದೆಯಲ್ಲ, ಅದನ್ನು ‘ಬರೀ ಪುನರಾವರ್ತನೆ’ ಎಂದು ಕತ್ತರಿಸಲು ಕೈ ತುರಿಸುತ್ತದೆ. ತಡೆಯಿರಿ. ತಾನು ಎಂದೂ ಬೈಗುಳ ಆಡುವುದಿಲ್ಲ ಎಂದು ಕ್ಯಾಪ್ಟನ್ ಕೊಚ್ಚಿಕೊಂಡಾಗ ‘ಎಂದೂ ಇಲ್ಲವೇ?’ ಎಂದು ನಾವಿಕರೆಲ್ಲ ಒಟ್ಟಿಗೆ ಕೇಳುವುದರಿಂದಲೇ ಅವನು ಜಾರುವುದು. ಅಲ್ಲಿ ಹಾಸ್ಯ ವೃಂದದ ಕೈಯಲ್ಲಿದೆ.

ಸಂಭಾಷಣೆಯ ಜಾಗಕ್ಕೆ ನಿರೂಪಕರು ಬೇಕು. ಪ್ರತಿ ನಿರೂಪಣೆ ಒಂದು ನಿಮಿಷ ದಾಟದಿರಲಿ. ಕಥಾಸಾರ ಓದಿದಂತಿದ್ದರೆ ಜನ ಆಕಳಿಸುತ್ತಾರೆ; ಒಂದು ಪಾತ್ರದ ಬಾಯಲ್ಲಿ ಹೇಳಿಸಿ. ಪಿನಾಫೋರ್‌ನಲ್ಲಿ ಬಟರ್‌ಕಪ್ ಇದ್ದಾಳೆ, ಮಕ್ಕಳು ಅದಲು ಬದಲಾದ ಗುಟ್ಟು ಮೊದಲಿನಿಂದ ಗೊತ್ತಿರುವವಳು ಅವಳೊಬ್ಬಳೇ. ಬಾಯಿತನಕ ಬಂದದ್ದನ್ನು ನುಂಗಿಕೊಳ್ಳುವ ನಿರೂಪಕಿಗಿಂತ ಬೇರೇನು ಬೇಕು? ಹಾಡು ಬಿಟ್ಟಲ್ಲಿ ಶ್ರುತಿ ಥಟ್ಟನೆ ಬದಲಾಗುವುದುಂಟು. ನಿರೂಪಣೆಯನ್ನು ಆ ಬಿರುಕಿಗೇ ಇಡಿ. ಮಾತಿನ ಕೊನೆಗೆ ವಾದ್ಯವೃಂದ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ನುಡಿಸಿದರೆ ಗಾಯಕರು ಸ್ವರಕ್ಕೆ ತಡಕಾಡುವುದಿಲ್ಲ.

ಇನ್ನು ವಾದ್ಯಗಳು. ಸಲಿವನ್ ಬರೆದದ್ದು ಎರಡು ಕೊಳಲು, ಒಂದು ಓಬೋ, ಎರಡು ಕ್ಲಾರಿನೆಟ್, ಒಂದು ಬಸೂನ್, ಎರಡೆರಡು ಹಾರ್ನ್, ಕಾರ್ನೆಟ್, ಟ್ರಾಂಬೋನ್, ತಾಳವಾದ್ಯ, ತಂತಿವಾದ್ಯಗಳಿಗೆ. ಇದನ್ನು ಒಂದು ಕೊಳಲು, ಎರಡು ಕ್ಲಾರಿನೆಟ್, ಬಸೂನ್, ಒಂದು ಹಾರ್ನ್, ಒಂದು ಟ್ರಂಪೆಟ್, ಐದು ತಂತಿವಾದ್ಯ, ಒಬ್ಬ ತಾಳವಾದ್ಯಗಾರ, ಪಿಯಾನೊ ಇಷ್ಟಕ್ಕೆ ಇಳಿಸಬಹುದು. ರಾಗದ ಗೆರೆ ಕಳೆದುಹೋಗುವ ಭಯ ಬೇಡ. ಅದು ಬಹುಪಾಲು ಎರಡು ಮೂರು ವಾದ್ಯಗಳಲ್ಲಿ ಒಟ್ಟಿಗೇ ಇರುತ್ತದೆ. ಕಳೆದುಹೋಗುವುದು ನಡುವಿನ ತುಂಬುಸ್ವರ. ಎರಡನೇ ಹಾರ್ನ್ ಹಿಡಿದಿಡುತ್ತಿದ್ದ ದೀರ್ಘಸ್ವರವನ್ನು ಪಿಯಾನೊಗೆ ಕೊಟ್ಟರೆ ಅದು ಅಲ್ಲೇ ಸಾಯುತ್ತದೆ. ಎರಡನೇ ಕ್ಲಾರಿನೆಟ್‌ನ ಕೆಳಸ್ತರಕ್ಕೆ ಕೊಡಿ. ಬಸೂನ್ ಮಾತ್ರ ಬಿಡಬೇಡಿ, ಅದು ಗೊಣಗಿದರೂ ನಗು ಬರುತ್ತದೆ.

ಬಿ ಫ್ಲಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಪೂರ್ಣಸ್ವರ ಕೆಳಗೆ ನುಡಿಯುತ್ತದೆ, ಎಫ್ ಹಾರ್ನ್ ಐದನೇ ಸ್ವರದಷ್ಟು ಕೆಳಗೆ. ಹಾಗಾಗಿ ಬೇರೆ ವಾದ್ಯದ ಗೆರೆಯನ್ನು ಇವಕ್ಕೆ ಕೊಡುವಾಗ ಸ್ವರಗಳನ್ನು ಅಷ್ಟು ಮೇಲೇರಿಸಿ ಬರೆಯಬೇಕು. ನಾನೊಮ್ಮೆ ಓಬೋ ಗೆರೆಯನ್ನು ಬದಲಿಸದೆ ಹಾಗೇ ಕ್ಲಾರಿನೆಟ್‌ಗೆ ನಕಲಿಸಿದ್ದೆ. ಪ್ರೇಮಗೀತೆ ಶುರುವಾದದ್ದೇ ತಡ, ವೃಂದವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಸಂಜೆ ನಮಗೆ ಸಿಕ್ಕ ನಿಜವಾದ ನಗು ಅದೊಂದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸದ್ದಿನ ಮಟ್ಟ. ರಂಗಮಂದಿರದಲ್ಲಿ ವಾದ್ಯವೃಂದ ಕೂರುವುದು ವೇದಿಕೆಯ ಕೆಳಗಿನ ಹಳ್ಳದಲ್ಲಿ. ಕಾನ್ಸರ್ಟಿನಲ್ಲಿ ಅದು ಹಾಡುಗಾರರಿಗೂ ಕೇಳುಗರಿಗೂ ನಡುವೆ ಗೋಡೆಯಂತೆ ಕೂರುತ್ತದೆ. ಹಾಡಿನಡಿಯ ಪ್ರತಿ ಫೋರ್ಟೆಯನ್ನೂ (ಜೋರಾಗಿ ನುಡಿಸಿ ಎಂಬ ಗುರುತನ್ನೂ) ಒಂದು ಮೆಟ್ಟಿಲು ಇಳಿಸಿ ಬರೆಯಿರಿ. ಪಟಪಟ ಮಾತಿನ ಪ್ಯಾಟರ್ ಹಾಡಿಗೆ ಬೆರಳಿನಿಂದ ಮೀಟುವ ತಂತಿವಾದ್ಯಗಳಷ್ಟೇ ಸಾಕು. ಊದುವಾದ್ಯಗಳು ಸಾಲಿನ ಕೊನೆಯ ಬಿಡುವಿನಲ್ಲಿ ಇಣುಕಿದರಾಯಿತು. ಏಕವ್ಯಕ್ತಿ ಗಾಯಕರನ್ನು ವಾದ್ಯಗಳ ಮುಂದೆ, ಕಂಡಕ್ಟರ್ ಪಕ್ಕ ನಿಲ್ಲಿಸಿ.

ಗಾಯಕವೃಂದದಲ್ಲಿ ಟೆನರ್‌ಗಳು (ಮೇಲುದನಿಯ ಗಂಡಸರು) ಕಡಿಮೆ, ಆಲ್ಟೊಗಳು (ತಗ್ಗುದನಿಯ ಹೆಂಗಸರು) ಹೆಚ್ಚು. ಇದು ಎಲ್ಲೆಡೆ ಇದ್ದದ್ದೇ. ಟೆನರ್ ಗೆರೆ ಮೇಲೇರಿದಲ್ಲಿ ಕೆಳಕಂಠದ ಆಲ್ಟೊಗಳನ್ನು ಅದೇ ಸ್ಥಾಯಿಯಲ್ಲಿ ಜೊತೆಗೂಡಿಸಿ. ನಾವಿಕರ ಹಾಡಿನಲ್ಲಿ ಹೆಂಗಸರೂ ಹಾಡಬಹುದು, ಆದರೆ ಮೊದಲ ಸುತ್ತು ಗಂಡಸರಿಗಷ್ಟೇ ಇರಲಿ.

ಸ್ಕೋರಿಗೂ ಎಲ್ಲ ಪ್ರತಿಗಳಿಗೂ ಒಂದೇ ಬಾರ್ (ಸ್ವರಲಿಪಿಯಲ್ಲಿ ಅಡ್ಡಗೆರೆಗಳ ನಡುವಿನ ತಾಳದ ಅಳತೆ) ಸಂಖ್ಯೆ ಹಾಕಿ. ಪುಟ ತಿರುಗಿಸುವ ಜಾಗದಲ್ಲಿ ವಾದಕರಿಗೆ ಬಿಡುವಿರಲಿ. ಪೂರ್ತಿ ತಾಲೀಮಿನ ದಿನ ಕೃತಿ ಗೊತ್ತಿಲ್ಲದ ಒಬ್ಬರನ್ನು ಸಾಹಿತ್ಯದ ಪ್ರತಿ ಕೊಡದೆ ಕಡೆಯ ಸಾಲಿನಲ್ಲಿ ಕೂರಿಸಿ, ಮಾತು ತಪ್ಪಿದಾಗಲೆಲ್ಲ ಕೈಯೆತ್ತಲು ಹೇಳಿ. ಕೈ ಮೇಲೆದ್ದ ಬಾರ್‌ನಲ್ಲಿ ಯಾವ ವಾದ್ಯ ನುಡಿಯುತ್ತಿತ್ತು ಎಂದು ಬರೆದುಕೊಂಡು, ಬಿಡುವಿನಲ್ಲಿ ರಬ್ಬರು ಹಿಡಿದು ಆ ವಾದಕರ ಹತ್ತಿರ ಹೋಗಿ.