ಗೋಡೆಯ ಪಾಯಿಂಟ್‌ವರೆಗೆ ನಮ್ಮದು

ಒಂದು ಸೋಮವಾರ ಒಂದು ವಿಭಾಗದ ಅರ್ಧ ಕಂಪ್ಯೂಟರ್‌ಗಳಿಗೆ ನೆಟ್ ಬರಲಿಲ್ಲ. ವಿಶ್ವವಿದ್ಯಾಲಯದ ಕೇಂದ್ರ ಐಟಿಯಲ್ಲಿದ್ದ ನಮಗೆ ಟಿಕೆಟ್ (ದೂರಿನ ನಮೂದು) ಬಂತು. ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸ್ವಿಚ್ ನೋಡಿದೆವು, ಸರಿಯಾಗಿತ್ತು. "ನಮ್ಮ ಕಡೆ ತೊಂದರೆ ಇಲ್ಲ" ಎಂದು ಬರೆದು ಮುಚ್ಚಿದೆವು. ಅವರು ಮತ್ತೆ ತೆರೆದರು. ಹೀಗೆ ಎರಡು ದಿನ ಹೋಯಿತು.

ಕೊನೆಗೆ ನಾನೇ ಹೋಗಿ ಒಂದು ಕಂಪ್ಯೂಟರ್ ಮುಂದೆ ಕೂತು ಅದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ನೋಡಿದೆ. 192.168.1 ಎಂದು ಶುರುವಾಗಿತ್ತು. ನಾವು ಆ ಸಾಲಿನ ವಿಳಾಸ ಯಾರಿಗೂ ಕೊಡುವುದಿಲ್ಲ. ಕೋಣೆ ಕೋಣೆ ಹುಡುಕಿದಾಗ ಬೀರುವಿನ ಹಿಂದೆ ಮನೆಯಲ್ಲಿ ಬಳಸುವಂಥ ರೌಟರ್ ಸಿಕ್ಕಿತು. ವೈ-ಫೈ ಸಾಲುತ್ತಿಲ್ಲವೆಂದು ಯಾರೋ ತಂದು, ಅದರ ಲ್ಯಾನ್ ಪೋರ್ಟಿನಿಂದ ಗೋಡೆಯ ನೆಟ್‌ವರ್ಕ್ ಪಾಯಿಂಟ್‌ಗೆ ವೈರ್ ಎಳೆದಿದ್ದರು. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ನಮ್ಮ ಡಿಎಚ್‌ಸಿಪಿ ಸರ್ವರ್‌ಗಿಂತ ಮುಂಚೆ ಆ ರೌಟರೇ ವಿಳಾಸ ಹಂಚುತ್ತಿತ್ತು, ಅದು ಸಿಕ್ಕ ಕಂಪ್ಯೂಟರ್‌ಗೆ ನೆಟ್ ಇಲ್ಲ. ವೈರ್ ಕಿತ್ತ ಮೇಲೆ ಐದು ನಿಮಿಷದ ಕೆಲಸ.

ತಪ್ಪು ಯಾರದು? ರೌಟರ್ ಅವರದು, ನಿಜ. ಆದರೆ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಬೇರೆ ಸಾಧನ ವಿಳಾಸ ಹಂಚದಂತೆ ತಡೆಯುವ ವ್ಯವಸ್ಥೆ) ಹಾಕಿದ್ದರೆ ಇದು ಆಗುತ್ತಲೇ ಇರಲಿಲ್ಲ, ಅದು ನಮ್ಮ ಕೆಲಸ. ಸಿಗ್ನಲ್ ಕಮ್ಮಿ ಇದ್ದದ್ದೂ ನಮ್ಮ ಕೊರತೆಯೇ ಅಲ್ವಾ?

ಆಮೇಲೆ ವಿಭಾಗದವರ ಜೊತೆ ಕೂತು ಗೆರೆ ಎಳೆದೆವು. ಗೋಡೆಯ ಪಾಯಿಂಟ್‌ವರೆಗೆ ನಮ್ಮದು, ಅಲ್ಲಿಂದ ಕಂಪ್ಯೂಟರ್‌ವರೆಗೆ ಅವರದು. ಕಣ್ಣಿಗೆ ಕಾಣುವ ಗೆರೆ, ವಾದಕ್ಕೆ ಜಾಗ ಕಮ್ಮಿ. ಇಮೇಲ್, ಲಾಗಿನ್, ವೈ-ಫೈ, ಫೈರ್‌ವಾಲ್ ನಮ್ಮ ಪಾಲಿಗೆ ಬಂದವು. ಲ್ಯಾಬಿನ ಯಂತ್ರಗಳು, ಪಾಠಕ್ಕೆ ಬೇಕಾದ ಸಾಫ್ಟ್‌ವೇರ್ ಅವರ ಪಾಲಿಗೆ.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಪಟ್ಟಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆದೆವು: ಕೆಟ್ಟಾಗ ಓಡಿ ಬರುವವರು ಯಾರು, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ, ಹೊಸದಕ್ಕೆ ದುಡ್ಡು ಯಾರದು. ಎಷ್ಟೋ ಕಡೆ ಓಡಿ ಬರಬೇಕಾದವರ ಕೈಯಲ್ಲಿ ಪಾಸ್‌ವರ್ಡೇ ಇರಲಿಲ್ಲ. ಪಾಪ, ಲ್ಯಾಬ್ ಸಹಾಯಕರು ಬೈಸಿಕೊಳ್ಳುತ್ತಿದ್ದರು, ಆದರೆ ಒಂದು ಡ್ರೈವರ್ ಹಾಕುವುದಕ್ಕೂ ನಮ್ಮನ್ನೇ ಕಾಯಬೇಕಿತ್ತು. ಕೈಗೆ ಅಧಿಕಾರ ಕೊಡದೆ ಹೊಣೆ ಮಾತ್ರ ಹೊರಿಸುವುದು ಅನ್ಯಾಯ. ಅವರ ಲ್ಯಾಬಿನ ಮಟ್ಟಿಗೆ ಅಡ್ಮಿನ್ ಹಕ್ಕು ಕೊಟ್ಟೆವು.

ತುಂಬಾ ಕಷ್ಟವಾದದ್ದು ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಕಂಪ್ಯೂಟರ್. ಅದರಲ್ಲಿ ವಿಂಡೋಸ್ 7 ಇತ್ತು. 2020ರ ಜನವರಿ 14ಕ್ಕೆ ಅದರ ಬೆಂಬಲ (ಉಚಿತ ಭದ್ರತಾ ಅಪ್‌ಡೇಟ್) ಮುಗಿದಿದೆ. ಹೊಸ ವಿಂಡೋಸ್ ಹಾಕಿದರೆ ಉಪಕರಣದ ಸಾಫ್ಟ್‌ವೇರ್ ಓಡುವುದಿಲ್ಲ. ನಾವು ನೆಟ್‌ವರ್ಕ್‌ನಿಂದ ತೆಗೆಯಿರಿ ಎಂದೆವು, ಅವರು ಸಂಶೋಧನೆ ನಿಲ್ಲುತ್ತದೆ ಎಂದರು. ಇಬ್ಬರದೂ ಸರಿಯೇ. ಕೊನೆಗೆ ಅದಕ್ಕೊಂದು ಬೇರೆ ವಿಲ್ಯಾನ್ (ಅದೇ ನೆಟ್‌ವರ್ಕ್‌ನೊಳಗೆ ಪ್ರತ್ಯೇಕಿಸಿದ ಭಾಗ) ಮಾಡಿ, ಇಂಟರ್ನೆಟ್ ಕಟ್ ಮಾಡಿ, ಒಂದು ಫೈಲ್ ಸರ್ವರ್‌ಗೆ ಮಾತ್ರ ದಾರಿ ಬಿಟ್ಟೆವು. ವಿಲ್ಯಾನ್ ನಮ್ಮ ಹೊಣೆ. ಯಂತ್ರ, ಅದಕ್ಕೆ ಚುಚ್ಚುವ ಪೆನ್‌ಡ್ರೈವ್ ಅವರ ಹೊಣೆ.

ಟಿಕೆಟ್‌ಗೆ ಒಂದೇ ನಿಯಮ. ಮೊದಲು ತೆಗೆದುಕೊಂಡವರು, ಎದುರಿನವರು "ಹೂಂ, ನಾನು ನೋಡ್ತೀನಿ" ಅನ್ನುವವರೆಗೆ ಬಿಡುವ ಹಾಗಿಲ್ಲ. ಸುಮ್ನೆ ಆಚೆ ತಳ್ಳಿ ಮುಚ್ಚುವುದು ಇದರಿಂದ ನಿಂತಿತು.

ಪ್ರಿಂಟರ್ ಮಾತ್ರ ಇನ್ನೂ ಬಗೆಹರಿದಿಲ್ಲ. ಟೋನರ್, ಕಾಗದ ಅವರದು, ಪ್ರಿಂಟ್ ಸರ್ವರ್ ನಮ್ಮದು. ಪ್ರಿಂಟ್ ಬರದಿದ್ದಾಗ ಇಬ್ಬರೂ ಒಟ್ಟಿಗೆ ಹೋಗಿ ನೋಡುತ್ತೇವೆ.