ವಸಡಿನಲ್ಲಿ ರಕ್ತ ಕಂಡರೆ ಬ್ರಷ್ ಬಿಡಬೇಡಿ

ಹಲ್ಲುಜ್ಜುವಾಗ ರಕ್ತ ಕಂಡರೆ ಹಲವರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಕಾಯಿಲೆ ಬೆಳೆಯುವುದೇ ಅಲ್ಲಿಂದ. ವಸಡಿನ ಅಂಚಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಪದರ, ಅಂದರೆ ದಂತಪಾಚಿ, ಅಲ್ಲೇ ಉಳಿದಿರುವುದರಿಂದ ವಸಡು ಊದಿ ರಕ್ತ ಒಸರುತ್ತದೆ. ಈ ಹಂತದಲ್ಲಿ ಸರಿಯಾಗಿ ಉಜ್ಜಿದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ. ಬಿಟ್ಟರೆ ಪಾಚಿ ಜೊಲ್ಲಿನ ಖನಿಜಾಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಮುಂದೆ ವಸಡು ಹಲ್ಲಿನಿಂದ ಬಿಟ್ಟುಕೊಂಡು, ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆಯಬಹುದು. ಆ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಮೊದಲು ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ. ವಸಡು ಕೆಂಪಾಗಿ ಊದಿದೆಯೇ, ಹಲ್ಲು ಉದ್ದವಾದಂತೆ ಕಾಣುತ್ತಿದೆಯೇ, ಸಂದು ಅಗಲವಾಗಿದೆಯೇ? ಬಾಯಿ ವಾಸನೆಯನ್ನೂ ಗಮನಿಸಿ. ನೋವಿಗಾಗಿ ಕಾಯಬೇಡಿ, ಬಹಳಷ್ಟು ಜನರಿಗೆ ಹಲ್ಲು ಅಲುಗಾಡುವವರೆಗೂ ನೋವೇ ಇರುವುದಿಲ್ಲ.

ನಂತರ ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಸಣ್ಣದಾಗಿ ಆಡಿಸಿ. ಬೆಳಿಗ್ಗೆ ಮತ್ತು ಮಲಗುವ ಮುನ್ನ, ಎರಡೆರಡು ನಿಮಿಷ. ಒಳಬದಿಯನ್ನು ಮರೆಯಬೇಡಿ. ಹಲ್ಲಿನ ಸಂದಿಗೆ ಬ್ರಷ್ ತಲುಪದು, ಅದಕ್ಕೆ ಔಷಧ ಅಂಗಡಿಯಲ್ಲಿ ಸಿಗುವ ದಾರ (ಫ್ಲಾಸ್) ಅಥವಾ ಸಂದು-ಬ್ರಷ್ ಬೇಕು. ಇದ್ದಿಲು, ಉಪ್ಪುಹರಳಿನಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆ.

ಗಟ್ಟಿಯಾದ ಗಾರೆ ಮಾತ್ರ ಬ್ರಷ್‌ಗೆ ಜಗ್ಗುವುದಿಲ್ಲ, ದಂತವೈದ್ಯರೇ ಕ್ಲೀನಿಂಗ್ ಮಾಡಬೇಕು. ಆಳಕ್ಕೆ ಇಳಿದಿದ್ದರೆ ಬೇರಿನ ಮೇಲ್ಮೈಯನ್ನೂ ಶುಚಿಗೊಳಿಸುತ್ತಾರೆ, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಮೊದಲೇ ಸಡಿಲವಾಗಿದ್ದ ಹಲ್ಲನ್ನು ಗಾರೆ ಮುಚ್ಚಿಟ್ಟಿತ್ತು, ಅಷ್ಟೇ. ಶಿವಮೊಗ್ಗದಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬೇರೆ ಕೆಲಸಕ್ಕೆ ಪೇಟೆಗೆ ಬಂದವರು ಅದೇ ದಿನ ವಸಡನ್ನೂ ತೋರಿಸಿಕೊಂಡು ಹೋಗಬಹುದು.

ಕವಳದ, ಅಂದರೆ ಎಲೆಅಡಿಕೆಯ ವಿಷಯ. ಅಡಿಕೆಯಿಂದಲೇ ಅನ್ನ ಉಣ್ಣುವ ಮಲೆನಾಡಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಹೇಳದಿರುವುದು ತಪ್ಪು. ಊಟವಾದ ಮೇಲೆ ಕವಳ ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರ ಕಲೆಯ ಅಡಿಯಲ್ಲಿ ಗಾರೆ ಕಾಣಿಸುವುದೇ ಇಲ್ಲ. ಹೊಗೆಸೊಪ್ಪು ಇಲ್ಲದ ಕವಳವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕ ಎಂದಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಗೊತ್ತಾಗುವುದೇ ತಡ.

ಸಕ್ಕರೆ ಕಾಯಿಲೆ ಇದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಅಂಥವರು ಮತ್ತು ಗರ್ಭಿಣಿಯರು ತಪಾಸಣೆಯನ್ನು ಮುಂದೂಡಬಾರದು. ವಸಡಿನಲ್ಲಿ ಕೀವು ತುಂಬಿ ಮುಖ ಊದಿದ್ದರೆ, ಜ್ವರ ಬಂದಿದ್ದರೆ ಅಂದೇ ವೈದ್ಯರ ಬಳಿ ಹೋಗಿ.